ಗಾಣದ ಎತ್ತಿನ ವಾದ: ‘ವ್ಯರ್ಥವಾಗಿ ಹರಿಯುವ ನೀರು’ ಎಂಬ ಮಾತನ್ನು ಕುರಿತು
(ಹಟ್ಟಿಯಂಗಡಿಯ ಸಭೆಗೆ ಸಿದ್ಧಪಡಿಸಿದ ಉಪನ್ಯಾಸದ ಪಾಠ)



ಹಟ್ಟಿಯಂಗಡಿಯ ಬದಿಯಲ್ಲಿ ಹರಿಯುವ ವಾರಾಹಿ ಇಲ್ಲಿಂದ ಸ್ವಲ್ಪವೇ ಮುಂದೆ ಪಂಚಗಂಗಾವಳಿಯಲ್ಲಿ ಬೆರೆತು ಗಂಗೊಳ್ಳಿಯ ಅಳಿವೆಯಲ್ಲಿ ಕಡಲನ್ನು ಸೇರುತ್ತದೆ. ಘಟ್ಟದಿಂದ ಪಶ್ಚಿಮಕ್ಕೆ ಇಳಿಯುವ ಇಂತಹ ನದಿಗಳನ್ನು ಕುರಿತು ದಶಕಗಳಿಂದ ಒಂದೇ ಮಾತು ಕೇಳಿಬರುತ್ತಿದೆ: ‘ನೀರು ವ್ಯರ್ಥವಾಗಿ ಸಮುದ್ರ ಸೇರುತ್ತಿದೆ, ಆದುದರಿಂದ ಅದನ್ನು ತಿರುಗಿಸಿ ಬಳಸಬೇಕು.’ ವೇದಿಕೆಯ ಮೇಲಿಂದ ಗಟ್ಟಿಯಾಗಿ ನುಡಿದಾಗ ಇದು ಅತ್ಯಂತ ಸಹಜವಾದ ಮಾತೆನಿಸುತ್ತದೆ.

ಆದರೆ ಪ್ರಶ್ನಿಸುತ್ತ ಹೋದರೆ ಸ್ಥಿತಿ ಬೇರೆ. ನೀರು ವ್ಯರ್ಥವೇಕೆ? ಬಳಕೆಯಾಗದೆ ಹೋಗುವುದರಿಂದ. ಬಳಕೆಯಾಗುತ್ತಿಲ್ಲವೆಂದು ತಿಳಿದದ್ದು ಹೇಗೆ? ಸಮುದ್ರವನ್ನು ಸೇರುತ್ತಿದೆಯಲ್ಲ! ಸಮುದ್ರವನ್ನು ಸೇರಿದರೆ ನಷ್ಟವೇನು? ವ್ಯರ್ಥವಾಗುತ್ತದೆಯಲ್ಲ! ಗಾಣದ ಎತ್ತು ಬೆಳಗಿನಿಂದ ಸಂಜೆಯವರೆಗೆ ನಡೆದರೂ ಗಾಣದ ಮನೆಯನ್ನು ಬಿಟ್ಟು ಹೋಗಿರುವುದಿಲ್ಲ. ಈ ವಾದವೂ ಹಾಗೆಯೇ. ಸಾಧಿಸಬೇಕಾದ ತೀರ್ಮಾನವನ್ನು ‘ವ್ಯರ್ಥ’ ಎಂಬ ಒಂದು ಪದದಲ್ಲಿ ಮೊದಲೇ ಅಡಗಿಸಿಟ್ಟು, ಕೊನೆಯಲ್ಲಿ ಅದನ್ನೇ ಹೊರತೆಗೆದು ತೋರಿಸಲಾಗುತ್ತದೆ.

ಭಾರತೀಯ ತರ್ಕಶಾಸ್ತ್ರ ಈ ದೋಷವನ್ನು ಬಹಳ ಹಿಂದೆಯೇ ಗುರುತಿಸಿದೆ. ಗೌತಮನ ನ್ಯಾಯಸೂತ್ರ ಹೇಳುವ ಐದು ಹೇತ್ವಾಭಾಸಗಳಲ್ಲಿ ‘ಸಾಧ್ಯಸಮ’ ಒಂದು. ಸಾಧಿಸಬೇಕಾದ ಸಂಗತಿಯಷ್ಟೇ ಅಸಿದ್ಧವಾದ ಕಾರಣವನ್ನು ಕೊಡುವುದೆಂದು ಅದರ ತಾತ್ಪರ್ಯ. ಮುಂದಿನ ತಾರ್ಕಿಕರು ಇನ್ನೂ ಸೂಕ್ಷ್ಮವಾಗಿ ವಿಂಗಡಿಸಿದರು. ಒಂದು ಮಾತು ತನ್ನನ್ನೇ ಆಧರಿಸಿದರೆ ಆತ್ಮಾಶ್ರಯ, ಎರಡು ಮಾತುಗಳು ಒಂದನ್ನೊಂದು ಆಧರಿಸಿದರೆ ಅನ್ಯೋನ್ಯಾಶ್ರಯ, ಮೂರು ಅಥವಾ ಹೆಚ್ಚು ಮಾತುಗಳು ಸುತ್ತುಗಟ್ಟಿದರೆ ಚಕ್ರಕ. ‘ತರ್ಕತಾಂಡವ’ವನ್ನು ಬರೆದ ವ್ಯಾಸತೀರ್ಥರ ಪರಂಪರೆ ಉಡುಪಿಗೆ ಹೊಸತಲ್ಲ, ಹಾಗೆಂದು ಇದು ಪಂಡಿತರ ಸೊತ್ತೂ ಅಲ್ಲ. ‘ಅವನು ನಂಬಿಕಸ್ಥ, ಅದಕ್ಕೆ ನಾನು ಸಾಕ್ಷಿ’ ಎಂದು ಒಬ್ಬನೂ, ‘ಇವನು ನಂಬಿಕಸ್ಥ, ಅದಕ್ಕೆ ನಾನು ಸಾಕ್ಷಿ’ ಎಂದು ಇನ್ನೊಬ್ಬನೂ ಹೇಳಿದರೆ ಸಂತೆಯಲ್ಲಿ ಯಾರೂ ಸಾಲ ಕೊಡುವುದಿಲ್ಲ. ಸಂತೆಯಲ್ಲಿರುವ ಈ ಎಚ್ಚರ ಸಭೆಯಲ್ಲಿ ಮಾತ್ರ ಏಕೋ ಮಾಯವಾಗುತ್ತದೆ.

ಎತ್ತಿನಹೊಳೆ ಯೋಜನೆಯನ್ನು ನೋಡಬಹುದು. ಸಕಲೇಶಪುರ ತಾಲೂಕಿನಲ್ಲಿ ಹುಟ್ಟಿ ನೇತ್ರಾವತಿಯ ಕಡೆಗೆ ಹರಿಯುವ ಹಳ್ಳಗಳ ನೀರನ್ನು ಪೂರ್ವದ ಬಯಲುಸೀಮೆಗೆ ಒಯ್ಯುವ ಈ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಗೊಂಡಿತು. 2014ರಲ್ಲಿ 12,912 ಕೋಟಿ ರೂಪಾಯಿಯಿದ್ದ ಅಂದಾಜು ವೆಚ್ಚ ಬಳಿಕ 23,251 ಕೋಟಿಗೆ ಏರಿತು. ಯೋಜನೆ ಲೆಕ್ಕ ಹಾಕಿದ ನೀರು 24.01 ಟಿ.ಎಂ.ಸಿ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರ ಅಧ್ಯಯನವೊಂದು ಅದೇ ಜಲಾನಯನದಲ್ಲಿ ಕಂಡದ್ದು 9.55 ಟಿ.ಎಂ.ಸಿ. ಈ ಎರಡು ಅಂಕಿಗಳ ನಡುವಿನ ಜಗಳ ಆರೋಗ್ಯಕರವಾದದ್ದು. ಹಳ್ಳಕ್ಕೆ ಇಳಿದು ಮಾಪನ ಮಾಡಿ ಅದನ್ನು ಬಗೆಹರಿಸಬಹುದು. ‘ವ್ಯರ್ಥ’ ಎಂಬ ಪದವನ್ನು ಅಳೆಯುವ ಮಾಪಕವಾದರೋ ಎಲ್ಲಿಯೂ ಇಲ್ಲ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಕೋಲಾರ, ಚಿಕ್ಕಬಳ್ಳಾಪುರಗಳ ಬಾಯಾರಿಕೆ ಸುಳ್ಳಲ್ಲ. ಅಲ್ಲಿಯ ಕೊಳವೆಬಾವಿಗಳ ಫ್ಲೋರೈಡ್ ಸುಳ್ಳಲ್ಲ. ಅದು ವೃತ್ತದ ಹೊರಗೆ ನಿಂತ ನಿಜವಾದ ಕಾರಣ. ಯೋಜನೆಯ ಪರವಾಗಿ ಅದನ್ನು ಮುಂದಿಟ್ಟರೆ ಅದರೆದುರು ಅಳಿವೆಯ ಲೆಕ್ಕವನ್ನೂ ಇಟ್ಟು ತೂಗಬೇಕಾಗುತ್ತದೆ. ಮಳೆಗಾಲದ ಸಿಹಿನೀರು ಅಳಿವೆಗೆ ಒಯ್ಯುವ ಮೆಕ್ಕಲೆಷ್ಟು, ಕಪ್ಪೆಚಿಪ್ಪು ಮತ್ತು ಮೀನುಮರಿಗಳಿಗೆ ಅದರ ಅಗತ್ಯವೆಷ್ಟು, ಬೇಸಗೆಯಲ್ಲಿ ಉಬ್ಬರದ ಉಪ್ಪುನೀರನ್ನು ಹಿಂದೊತ್ತಲು ಹೊಳೆಯಲ್ಲಿ ಎಷ್ಟು ಹರಿವು ಉಳಿಯಬೇಕು ಎಂಬ ಪ್ರಶ್ನೆಗಳು ಆಗ ಮೇಲೆ ಬರುತ್ತವೆ. ‘ವ್ಯರ್ಥ’ ಎಂದುಬಿಟ್ಟರೆ ತಕ್ಕಡಿಯನ್ನು ಎತ್ತುವ ಕೆಲಸವೇ ಇಲ್ಲ. ಆ ಪದ ಅಷ್ಟು ಜನಪ್ರಿಯವಾಗಿರುವುದು ಇದೇ ಕಾರಣಕ್ಕಿರಬಹುದು.

ಇದಕ್ಕಿಂತ ಅಪಾಯಕಾರಿಯಾದ ಇನ್ನೊಂದು ವೃತ್ತವಿದೆ. ‘ಈ ಯೋಜನೆಯನ್ನು ಜನರೆಲ್ಲ ಬಯಸುತ್ತಾರೆ.’ ಆ ಮನೆಯವರು ವಿರೋಧಿಸುತ್ತಿದ್ದಾರಲ್ಲ? ‘ಅವರು ಜನರಲ್ಲ, ಅಭಿವೃದ್ಧಿಯ ವಿರೋಧಿಗಳು.’ ಅಭಿವೃದ್ಧಿಯ ವಿರೋಧಿಗಳೆಂದು ತಿಳಿದದ್ದು ಹೇಗೆ? ‘ಈ ಯೋಜನೆಯನ್ನು ವಿರೋಧಿಸುತ್ತಾರಲ್ಲ!’ ಈ ವಾದವನ್ನು ಯಾವ ಸಾಕ್ಷ್ಯವೂ ಅಲುಗಿಸಲಾರದು, ಏಕೆಂದರೆ ಎದುರು ನಿಲ್ಲುವವನನ್ನು ಅದು ಮೊದಲೇ ಲೆಕ್ಕದಿಂದ ಹೊರಗಿಟ್ಟಿದೆ. ಮುಳುಗಡೆಯ ಹಳ್ಳಿಗಳಲ್ಲಿ ಇದರ ಬೆಲೆಯನ್ನು ತೆತ್ತವರು ಮನೆಮಠ ಕಳೆದುಕೊಂಡವರು.

ಪರಿಸರ ಚಳವಳಿಯೂ ಈ ದೋಷದಿಂದ ಮುಕ್ತವಲ್ಲ. ‘ಘಟ್ಟ ಸೂಕ್ಷ್ಮಪ್ರದೇಶ, ಏಕೆಂದರೆ ಗಾಡ್ಗೀಳ್ ವರದಿ ಹಾಗೆ ಹೇಳಿದೆ, ವರದಿ ನಂಬಲರ್ಹ, ಏಕೆಂದರೆ ಘಟ್ಟ ಸೂಕ್ಷ್ಮವೆಂಬ ಸತ್ಯವನ್ನು ಅದು ಹೇಳಿದೆ’ ಎಂಬ ಧಾಟಿಯ ಭಾಷಣಗಳು ಅಪರೂಪವಲ್ಲ. ಇದು ಶುದ್ಧ ಅನ್ಯೋನ್ಯಾಶ್ರಯ. 2011ರ ಆ ವರದಿಯ ಬಲ ಇರುವುದು ಬೇರೆಡೆ. ಸುಮಾರು ಒಂಬತ್ತು ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ಘಟ್ಟವನ್ನು ವಿಂಗಡಿಸಿ, ಪ್ರತಿಯೊಂದಕ್ಕೂ ಇಳಿಜಾರು, ಕಾಡು, ಜೀವಿಪ್ರಭೇದಗಳಂತಹ ಮಾನದಂಡಗಳ ಮೇಲೆ ಅಂಕ ನೀಡಿದ ವಿಧಾನದಲ್ಲಿ ಅದು ಇದೆ. ಆ ಅಂಕವನ್ನು ಒಪ್ಪದವನು ತನ್ನ ಊರಿನ ಚೌಕವನ್ನು ಪರೀಕ್ಷಿಸಿ ತಪ್ಪು ತೋರಿಸಬಹುದು. ವರದಿಯನ್ನು ಓದದೆ ಹೊಗಳುವವರೂ ಓದದೆ ಸುಡುವವರೂ ಈ ಅವಕಾಶವನ್ನು ಸಮಾನವಾಗಿ ಕಳೆದುಕೊಂಡಿದ್ದಾರೆ.

ವಿದ್ಯಾರ್ಥಿಗಳು ಇಲ್ಲಿ ಒಂದು ಶಂಕೆ ಎತ್ತಬಹುದು. ‘ಕಾಡಿನಿಂದ ಮಳೆ, ಮಳೆಯಿಂದ ಕಾಡು’ ಎನ್ನುವುದೂ ಸುತ್ತುವಾದವಲ್ಲವೇ? ಅಲ್ಲ. ಇದಕ್ಕೆ ಶಾಸ್ತ್ರಜ್ಞರು ಬೀಜಾಂಕುರ ನ್ಯಾಯವೆಂದು ಹೆಸರಿಟ್ಟಿದ್ದಾರೆ. ಬೀಜದಿಂದ ಮೊಳಕೆ, ಗಿಡವಾದ ಆ ಮೊಳಕೆಯಿಂದ ಮತ್ತೆ ಬೀಜ. ಆದರೆ ಅದು ಮೊದಲಿನ ಬೀಜವಲ್ಲ, ಇನ್ನೊಂದು. ಮಳೆಗಾಲದಲ್ಲಿ ಬಿದ್ದ ನೀರನ್ನು ಮರ ಬೇರಿನಿಂದ ಹೀರಿ ಎಲೆಯಿಂದ ಆವಿಯಾಗಿ ಬಿಡುತ್ತದೆ; ಮುಂದೊಂದು ದಿನ ಬೇರೊಂದೆಡೆ ಬೀಳುವ ಮಳೆಗೆ ಆ ಆವಿಯದೂ ಒಂದು ಪಾಲು. ಕಾಲ ಮುಂದಕ್ಕೆ ಸರಿದಿದೆ. ಮಳೆಯನ್ನು ಮಳೆಮಾಪಕದಲ್ಲಿ, ಮರವನ್ನು ಸುತ್ತಳತೆಯಲ್ಲಿ ಬೇರೆ ಬೇರೆಯಾಗಿ ಅಳೆಯಲೂಬಹುದು. ಪ್ರಕೃತಿಯಲ್ಲಿ ಚಕ್ರ ಇರುವುದು ದೋಷವಲ್ಲ. ಸಾಕ್ಷ್ಯವಿರಬೇಕಾದ ಜಾಗದಲ್ಲಿ ಚಕ್ರ ಬಂದು ಕುಳಿತರೆ ದೋಷ.

ಹಾಗಾದರೆ ಹಳ್ಳಿಯವರು ಮಾಡಬಹುದಾದುದೇನು? 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಬರುವ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ನಡೆಯುವುದಾದರೆ, ಕನಿಷ್ಠ ಮೂವತ್ತು ದಿನ ಮೊದಲು ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ದೊರೆಯಬೇಕು. ಆ ಸಾರಾಂಶದಲ್ಲಿ ‘ಆದುದರಿಂದ’ ಎಂದಿರುವ ಕಡೆಯೆಲ್ಲ ಗೆರೆ ಎಳೆದು, ಹಿಂದಿನ ವಾಕ್ಯವನ್ನು ಮುಂದಿನ ವಾಕ್ಯದ ನೆರವಿಲ್ಲದೆ ಒಪ್ಪಬಹುದೇ ಎಂದು ಪರೀಕ್ಷಿಸಬೇಕು. ಒಪ್ಪಲಾಗದ ಕಡೆ ಪ್ರಶ್ನೆಯನ್ನು ಬರೆದು ಕೊಟ್ಟು, ನಡಾವಳಿಯಲ್ಲಿ ಸೇರಿದೆಯೇ ಎಂದು ನೋಡಿಕೊಳ್ಳಬೇಕು.

ಜೊತೆಗೆ ವಾರಾಹಿಯ ಕೆಳಪಾತ್ರದ ಬದಿಯ ಬಾವಿಗಳಿಗೆ ಪ್ರತಿ ಬೇಸಗೆಯಲ್ಲಿ ಉಪ್ಪು ಏರುತ್ತದೆಯೇ, ಏರಿದರೆ ಯಾವ ತಿಂಗಳು, ಮೊದಲು ಯಾವ ಬಾವಿಗೆ ಎಂಬುದನ್ನು ಶಾಲಾ ಕಾಲೇಜಿನ ವಿದ್ಯಾರ್ಥಿಗಳು ನಾಲ್ಕೈದು ವರ್ಷ ಒಂದು ನೋಟುಪುಸ್ತಕದಲ್ಲಿ ತಪ್ಪದೆ ಬರೆದಿಡಬಹುದು. ಸಮುದ್ರಕ್ಕೆ ಹೋಗುವ ನೀರು ದಾರಿಯಲ್ಲಿ ಏನು ಕೆಲಸ ಮಾಡುತ್ತದೆಂದು ಮುಂದೊಮ್ಮೆ ಯಾರಾದರೂ ಕೇಳಿದಾಗ ಆ ಪುಸ್ತಕವನ್ನು ಮೇಜಿನ ಮೇಲೆ ಇಡಬಹುದು.