ಸರ್ಕಾರದ ಆದೇಶ ಮತ್ತು ನಮ್ಮೂರ ಸಾಲಿ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಇಂಥ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಗಳು ‘ಕಷ್ಟಪಟ್ಟು ಓದಿ, ಮುಂದೆ ಬನ್ನಿ’ ಎಂದು ಹೇಳಿ ಕೂಡುವುದು ವಾಡಿಕೆ. ಓದಬೇಕು, ಖರೆ. ಆದರೆ ನಾನು ಬಿ.ಇ. ಮುಗಿಸಿದ್ದರ ಹಿಂದೆ ನನ್ನ ಓದಿನ ಜೊತೆಗೆ ಸರ್ಕಾರದ ಆದೇಶವೂ ಇದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು. ನನಗೆ ಸೀಟು ಸಿಕ್ಕದ್ದು ಗ್ರಾಮೀಣ ಕೋಟಾದಲ್ಲಿ. 2006-07ರಲ್ಲಿ ಸೈಕಲ್ ಯೋಜನೆ ಬಂದಾಗ ದೂರದ ಹಳ್ಳಿಗಳ ಹೆಣ್ಣುಮಕ್ಕಳಿಗೆ ಹೈಸ್ಕೂಲಿನ ದಾರಿ ಹತ್ತಿರವಾಯಿತು.

ಬಾಗಿಲು ತೆಗೆಯುವ ಆದೇಶ ಮುಚ್ಚಲೂ ಬಲ್ಲದು. ಬ್ರಿಟನ್ನಿನ ಉದಾಹರಣೆ ನೋಡಿ. ಅಲ್ಲಿ 1944ರ ಕಾಯ್ದೆ ಎಲ್ಲ ಮಕ್ಕಳಿಗೂ ಉಚಿತ ಪ್ರೌಢಶಿಕ್ಷಣ ಕೊಟ್ಟಿತು. ಆದರೆ 11ನೇ ವಯಸ್ಸಿಗೆ ಒಂದು ಪರೀಕ್ಷೆ. ಪಾಸಾದವರು ಗ್ರಾಮರ್ ಶಾಲೆಗೆ, ಉಳಿದವರು ಬೇರೆ ಶಾಲೆಗೆ. ಕಾರ್ಮಿಕರ ಮಕ್ಕಳು ಬಹುಪಾಲು ಆ ಬೇರೆ ಶಾಲೆಯಲ್ಲೇ ಉಳಿದರು. 1965ರಲ್ಲಿ ಸರ್ಕಾರ ಎಲ್ಲರಿಗೂ ಒಂದೇ ಬಗೆಯ ಶಾಲೆ ಮಾಡಲು ಸುತ್ತೋಲೆ ಹೊರಡಿಸಿತು. ಮುಂದೆ 1988ರ ಕಾಯ್ದೆ ಶಾಲೆಯನ್ನು ಆರಿಸುವ ಹಕ್ಕನ್ನು ಪಾಲಕರಿಗೆ ಹೆಚ್ಚಿಸಿತು. ಒಳ್ಳೆಯ ಶಾಲೆಯ ಸುತ್ತ ಮನೆಗಳ ಬೆಲೆ ಏರಿತು; ಹಣವಿದ್ದವರು ಅಲ್ಲಿಗೆ ಹೋದರು. ಪರೀಕ್ಷೆ ಮಾಡುತ್ತಿದ್ದ ಕೆಲಸವನ್ನು ಮನೆಯ ಬೆಲೆ ಮಾಡಿತು.

ನಮ್ಮಲ್ಲಿ ಮಕ್ಕಳನ್ನು ಬೇರೆ ಮಾಡುವುದು ಫೀ. ಅದೂ ಒಂದನೇ ತರಗತಿಗೇ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಖಾಸಗಿ ಶಾಲೆಯ ಶೇ. 25 ಸೀಟುಗಳು ಬಡ, ಹಿಂದುಳಿದ ಮಕ್ಕಳಿಗೆ, ಫೀ ಸರ್ಕಾರದ್ದು. ಎಷ್ಟೋ ಮಕ್ಕಳಿಗೆ ಇದರಿಂದ ಒಳ್ಳೆಯದಾಯಿತು. ಆದರೆ ಸರ್ಕಾರಿ ಶಾಲೆಗಳ ಹಾಜರಿ ಪುಸ್ತಕ ತೆಳುವಾಯಿತು. ಆದ್ದರಿಂದ 2019-20ರಿಂದ ನಮ್ಮ ರಾಜ್ಯದಲ್ಲಿ, ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ ಎಂದಾಯಿತು.

ಸರ್ಕಾರಿ ಶಾಲೆ ಉಳಿಯಲಿ ಎಂಬ ಉದ್ದೇಶ ಸರಿಯಾದದ್ದೇ. ಆದರೆ ಆ ಶಾಲೆಯಲ್ಲಿ ಗಣಿತಕ್ಕೆ ಗುರುಗಳೇ ಇಲ್ಲದಿದ್ದರೆ? ಫೀ ಕಟ್ಟಬಲ್ಲವರು ಮಗನನ್ನು ರಾಣೆಬೆನ್ನೂರಿನ ಹಳದಿ ಬಸ್ಸು ಹತ್ತಿಸುತ್ತಾರೆ. ಕೂಲಿ ಮಾಡುವವರಿಗೆ ಇದ್ದ ಒಂದು ದಾರಿಯೂ ಮುಚ್ಚಿತು. ಹತ್ತಿರದ ಶಾಲೆಗೇ ಹೋಗಿ ಎಂದು ಹೇಳುವ ಸರ್ಕಾರ, ಆ ಶಾಲೆಗೆ ಗುರುಗಳನ್ನು ಕೊಡುವ ಹೊಣೆಯನ್ನೂ ಹೊರಬೇಕು.

ಅದನ್ನು ಕೇಳುವವರು ಯಾರು? 2001ರಲ್ಲಿ ಸರ್ಕಾರ ಎಸ್‌ಡಿಎಂಸಿ ರಚಿಸಿ ಪಾಲಕರ ಕೈಗೆ ಆ ಅಧಿಕಾರ ಕೊಟ್ಟಿತು. ಆದರೆ ಊರಲ್ಲಿ ಮಾತು ನಡೆಯುವವರ ಮಕ್ಕಳು ಬೇರೆ ಶಾಲೆಗೆ ಹೋದ ಮೇಲೆ ಸಮಿತಿಯಲ್ಲಿ ಉಳಿಯುವವರು ದಿನಗೂಲಿಯವರು. ಬಿಇಒ ಕಚೇರಿಗೆ ಒಂದು ಸಲ ಹೋಗಿ ಬಂದರೆ ಅವರಿಗೆ ಆ ದಿನದ ಪಗಾರ ಹೋಯಿತು.

ಹಳೆಯ ವಿದ್ಯಾರ್ಥಿಗಳಾದ ನಾವು ಮಾಡಬೇಕಾದದ್ದು ಇಲ್ಲಿದೆ. ದೇಣಿಗೆ ಕೊಡೋಣ, ಬೇಡ ಅನ್ನುವುದಿಲ್ಲ. ದೇಣಿಗೆಯಿಂದ ಗೋಡೆಗೆ ಬಣ್ಣ ಬರುತ್ತದೆ, ಹುದ್ದೆ ಮಂಜೂರಾಗುವುದಿಲ್ಲ. ವರ್ಷಕ್ಕೆ ಎರಡು ಸಲ ಎಸ್‌ಡಿಎಂಸಿಯವರ ಜೊತೆ ಕೂಡೋಣ. ಯಾವ ವಿಷಯಕ್ಕೆ ಗುರುಗಳು ಬೇಕು, ಯಾವ ಅನುದಾನ ಬಾಕಿ ಇದೆ, ಪಟ್ಟಿ ಮಾಡೋಣ. ಅರ್ಜಿ ಬರೆಯುವುದು, ಕಚೇರಿಗೆ ಅಲೆಯುವುದು, ಮಾಹಿತಿ ಹಕ್ಕಿನಲ್ಲಿ ಉತ್ತರ ಕೇಳುವುದು ನಮ್ಮ ಪಾಲಿಗಿರಲಿ. ಅದಕ್ಕೆ ಬೇಕಾದ ಓದು ನಮಗೆ ಈ ಸಾಲಿಯೇ ಕೊಟ್ಟಿದೆ.

ಊಟಕ್ಕೆ ಏಳುವ ಮುಂಚೆ ಒಂದು ವಹಿಯಲ್ಲಿ ಬರುವವರ ಹೆಸರು, ಫೋನ್ ನಂಬರು ಬರೆಸಿಕೊಳ್ಳೋಣ. ಮೊದಲ ಹೆಸರು ನನ್ನದು ಬರೆದುಕೊಳ್ಳಿ.