ಹಿಂದಿನ ಸೀಟು ಖಾಲಿ



ನೀವು ಸೈಕಲ್ ಕಲಿತ ದಿನ ನೆನಪಿದೆಯೆ? ಹಿಂದೆ ಕ್ಯಾರಿಯರ್ ಹಿಡಿದು ಓಡಿ ಬರುತ್ತಿದ್ದ ಅಪ್ಪನೋ ಅಣ್ಣನೋ ಯಾವ ಗಳಿಗೆಯಲ್ಲಿ ಕೈಬಿಟ್ಟರು ಎಂದು ನಿಮಗೆ ಗೊತ್ತೇ ಆಗಿರಲಿಕ್ಕಿಲ್ಲ. ತಿರುಗಿ ನೋಡಿದರೆ ಅವರು ದೂರದಲ್ಲಿ ಸೊಂಟಕ್ಕೆ ಕೈಯಿಟ್ಟು ನಗುತ್ತ ನಿಂತಿರುತ್ತಾರೆ. ನೋಡಿದ ಮರುಕ್ಷಣ ನಾವು ಬಿದ್ದಿರುತ್ತೇವೆ! ಇವತ್ತು ನಾನು ಹೇಳುವುದೂ ಹೀಗೆ ಕೈಬಿಡುವ ವಿಷಯವನ್ನೇ. ಆದರೆ ಇದು ನಡೆದದ್ದು ಬೀದಿಯಲ್ಲಲ್ಲ, ಆಕಾಶದಲ್ಲಿ.

2015ರ ಡಿಸೆಂಬರ್ ತಿಂಗಳು. ಪುಣೆಯಲ್ಲಿ ನಮ್ಮ ಮನೆಯ ಹತ್ತಿರವೇ ಇದ್ದ ವಿಜಯಪುರದ ಕಡೆಯ ಅಕ್ಕ ಒಬ್ಬರು ರಾತ್ರಿ ಬಂದು, “ತಮ್ಮಾ, ನಾಳೆ ಮುಂಜಾನೆ ನನ್ನ ಜೋಡಿ ಹಡಪ್ಸರಕ್ಕ ಬರ್ತೀಯೇನು? ಮಗಳು ಹಾರೂದು ನೋಡಾಕ ಬಾ ಅಂತ ಹಟ ಹಿಡದಾಳ. ಒಬ್ಬಾಕಿನ ಹೋಗಾಕ ನನಗ ಧೈರ್ಯ ಇಲ್ಲ” ಎಂದರು. ಹುಡುಗಿಗೆ ಆಗ 19 ವರ್ಷ, ಕಾಲೇಜಿನಲ್ಲಿ ಓದುತ್ತಿದ್ದಳು. ಗ್ಲೈಡರ್ ಕಲಿಯಲು ತಾಯಿ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಮಾಸ್ತರು ಯಾವಾಗಲೂ ಜೊತೆಗೆ ಕೂತಿರಬೇಕು.

ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಉದ್ದನೆಯ ರೆಕ್ಕೆ, ಸಣ್ಣ ಮೈ, ನೆಲ ಮುಟ್ಟಲು ಹೊಟ್ಟೆಯ ಕೆಳಗೊಂದು ಗಾಲಿ. ಮೇಲೆ ಹೋದ ಮೇಲೆ ಅದು ಗಾಳಿಯಲ್ಲಿ ಜಾರುತ್ತ ಬರುತ್ತದೆ. ಒಳ್ಳೆಯ ತರಬೇತಿ ಗ್ಲೈಡರ್ ಒಂದು ಮೀಟರ್ ಕೆಳಗಿಳಿಯುವಷ್ಟರಲ್ಲಿ 25 ಮೀಟರಿಗೂ ಹೆಚ್ಚು ಮುಂದೆ ಸಾಗಿರುತ್ತದೆ. ಹಾಗಾದರೆ ಮೇಲೇರುವುದು ಹೇಗೆ? ಮೈದಾನದ ಆ ತುದಿಯಲ್ಲಿ, ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ, ವಿಂಚ್ ಎಂಬ ಯಂತ್ರವಿರುತ್ತದೆ. ನಮ್ಮ ಬಾವಿಯ ರಾಟೆಯ ದೊಡ್ಡಣ್ಣ ಎನ್ನಿ. ಅದರ ಉರುಳೆಗೆ ಸುತ್ತಿದ ಉಕ್ಕಿನ ಹಗ್ಗವನ್ನು ಈ ತುದಿಗೆ ಎಳೆತಂದು ಗ್ಲೈಡರಿನ ಹೊಟ್ಟೆಯ ಕೊಕ್ಕೆಗೆ ಸಿಕ್ಕಿಸುತ್ತಾರೆ. ಒಬ್ಬರು ರೆಕ್ಕೆಯ ತುದಿ ಹಿಡಿದು ಸಮ ಮಾಡಿ ನಿಲ್ಲುತ್ತಾರೆ. ಸನ್ನೆ ಸಿಕ್ಕಿದ ಕೂಡಲೇ ವಿಂಚ್ ಎಳೆಯುತ್ತದೆ, ಗಾಳಿಪಟದ ಹಾಗೆ ಗ್ಲೈಡರ್ ಮೇಲಕ್ಕೆದ್ದುಬಿಡುತ್ತದೆ. ಒಂದು ನಿಮಿಷದೊಳಗೆ ಸಾವಿರ ಅಡಿ! ಅಲ್ಲಿ ಪೈಲಟ್ ಹಗ್ಗ ಕಳಚುತ್ತಾರೆ. ಹಗ್ಗದ ತುದಿಯಲ್ಲಿರುವ ಪುಟ್ಟ ಪ್ಯಾರಾಚೂಟ್ ಬಿಚ್ಚಿಕೊಂಡು ನಿಧಾನವಾಗಿ ಕೆಳಗೆ ಬರುತ್ತದೆ. ಆಮೇಲೆ ಉಳಿಯುವುದು ಗಾಳಿಯ ಸದ್ದು ಮಾತ್ರ.

ಅಕ್ಕ ಮೈದಾನದ ಅಂಚಿನಲ್ಲಿ ಸೆರಗು ತಲೆಮೇಲೆ ಹೊದ್ದು ನೆಲ ನೋಡುತ್ತ ಕೂತಿದ್ದರು. ಅವರ ಮನಸ್ಸು ಬೇರೆಡೆಗೆ ತಿರುಗಿಸಲು ನಾನು ಓದಿಕೊಂಡು ಬಂದಿದ್ದ ಒಂದು ಸಂಗತಿ ಹೇಳಿದೆ. ನಮ್ಮ ದೇಶದ ಎಂಜಿನಿಯರುಗಳು ನಾಗರಿಕ ವಿಮಾನಯಾನ ಇಲಾಖೆಯಲ್ಲಿ ತಾವೇ ಗ್ಲೈಡರುಗಳನ್ನು ರೂಪಿಸಿದರು. ಅವುಗಳಿಗೆ ಇಟ್ಟದ್ದು ನಕ್ಷತ್ರಗಳ ಹೆಸರು. ಅಶ್ವಿನಿ, ಭರಣಿ, ಕಾರ್ತಿಕ್, ರೋಹಿಣಿ, ಮೃಗಶಿರ, ಆರಿದ್ರಾ. ಗುರು ಶಿಷ್ಯರು ಅಕ್ಕಪಕ್ಕ ಕೂರುವ ಮರದ ರೋಹಿಣಿ 1961ರಲ್ಲಿ ಮೊದಲ ಸಲ ಹಾರಿತು, ಆರಿದ್ರಾ 1979ರಲ್ಲಿ. ಅಕ್ಕ ಮೊದಲ ಸಲ ತಲೆಯೆತ್ತಿದರು. “ಇವೆಲ್ಲಾ ಮಳಿ ಹೆಸರಲ್ಲೇನೋ ತಮ್ಮಾ? ರೋಹಿಣಿ ಮಳಿ, ಮಿರಗಾ, ಆರಿದ್ರಾ… ನಮ್ಮಪ್ಪ ಬಿತ್ತಾಕ ಕಾಯ್ತಿದ್ದ” ಎಂದರು. ಹೌದಲ್ಲ! ರೈತ ಮುಗಿಲು ನೋಡಿ ಕರೆದ ಹೆಸರುಗಳಲ್ಲೇ ಈ ರೆಕ್ಕೆಗಳನ್ನೂ ಕರೆದಿದ್ದಾರೆ.

ಬೆಳಗಿನ ಗಾಳಿ ತಣ್ಣಗೆ, ಸಮವಾಗಿತ್ತು. ಕಲಿಯುವವರಿಗೆ ಇದೇ ಒಳ್ಳೆಯ ಹೊತ್ತಂತೆ. ಬಿಸಿಲೇರಿದರೆ ಕಾದ ನೆಲದಿಂದ ಬಿಸಿಗಾಳಿ ಕಂಬದ ಹಾಗೆ ಮೇಲೇಳುತ್ತದೆ. ಪಳಗಿದವರಿಗೆ ಅದೇ ಏಣಿ. ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಿದೆಯೆಂದರೆ ಅಲ್ಲಿ ಏಣಿ ಇದೆ ಎಂದರ್ಥ.

ಒಬ್ಬೊಬ್ಬರೇ ವಿದ್ಯಾರ್ಥಿಗಳು ಹೋಗಿ ಬಂದರು. ಒಂದು ಸುತ್ತಿಗೆ ಐದಾರು ನಿಮಿಷ. ವಿದ್ಯಾರ್ಥಿ ಮುಂದಿನ ಸೀಟಿನಲ್ಲಿ, ಮಾಸ್ತರು ಹಿಂದೆ. ಕೆಳಗಿದ್ದವರಿಗೂ ಬಿಡುವಿಲ್ಲ. ರೆಕ್ಕೆ ಹಿಡಿಯುವುದು, ಇಳಿದ ಗ್ಲೈಡರನ್ನು ತಳ್ಳಿ ತರುವುದು, ಪ್ರತಿ ಹಾರಾಟದ ವೇಳೆ ಬರೆಯುವುದು. ಐದು ನಿಮಿಷ ಹಾರಲು ಅರ್ಧ ದಿನ ಮೈಮುರಿದು ದುಡಿಯಬೇಕು.

ನಮ್ಮ ಹುಡುಗಿಯ ಎರಡನೇ ಸುತ್ತಿನಲ್ಲಿ ಒಂದು ವಿಚಿತ್ರ ಕಂಡೆ. ಗ್ಲೈಡರ್ ಅರ್ಧ ಏರಿದಾಗಲೇ ಹಗ್ಗ ಕಳಚಿತು, ಮೂಗು ನೆಲದ ಕಡೆ ಬಾಗಿತು. ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಗ್ಲೈಡರ್ ಸಮವಾಗಿ, ಮೈದಾನದ ಆಚೆ ಭಾಗದಲ್ಲಿ ನೇರ ಇಳಿಯಿತು. ಅದು ಮಾಸ್ತರು ಬೇಕೆಂದೇ ಕೊಟ್ಟ ಪರೀಕ್ಷೆ! ಹಗ್ಗ ಹರಿದರೆ ಏನು ಮಾಡುವೆ ಎಂಬ ಪ್ರಶ್ನೆ. ಹೆದರಿದ ಮನಸ್ಸು ಕೋಲನ್ನು ತನ್ನ ಕಡೆಗೆ ಎಳೆದು ಮೇಲೆ ಹೋಗು ಎನ್ನುತ್ತದೆ. ಹಾಗೆ ಮಾಡಿದರೆ ವೇಗ ಸತ್ತು ರೆಕ್ಕೆ ಹಿಡಿತ ಕಳೆದುಕೊಳ್ಳುತ್ತದೆ. ಮೊದಲು ಮೂಗು ಕೆಳಗೆ ಮಾಡಿ ವೇಗ ಉಳಿಸಿಕೊಳ್ಳಬೇಕು, ಉಳಿದ ಯೋಚನೆ ಆಮೇಲೆ. ಭಯ ಹೇಳುವುದಕ್ಕೆ ಉಲ್ಟಾ ಮಾಡಬೇಕು. ಇದು ಧೈರ್ಯದಿಂದ ಬರುವುದಲ್ಲ, ಮತ್ತೆ ಮತ್ತೆ ಮಾಡಿ ಕೈಗೆ ರೂಢಿಯಾಗಬೇಕು.

ಜರ್ಮನಿಯ ಓಟೋ ಲಿಲಿಯೆಂಥಾಲ್ 1891ರಿಂದ ಗುಡ್ಡಗಳಿಂದ ಗ್ಲೈಡರಿನಲ್ಲಿ ಹಾರುತ್ತಿದ್ದ ಸಾಹಸಿ. 1896ರ ಆಗಸ್ಟ್‌ನಲ್ಲಿ ಹೀಗೆಯೇ ವೇಗ ಸತ್ತು ಬಿದ್ದು ತೀರಿಕೊಂಡ. ಅವನಿಗೆ ಕಲಿಸುವವರು ಯಾರೂ ಇರಲಿಲ್ಲ, ಅವನ ಮೊದಲ ಹಾರಾಟವೂ ಒಂಟಿ ಹಾರಾಟವೇ. ಹಿಂದಿನ ಸೀಟು ಎಂಬ ಭಾಗ್ಯ ನಂತರದವರಿಗೆ ದಕ್ಕಿದ್ದು.

ಮೂರನೇ ಸುತ್ತು ಮುಗಿಯಿತು. ಮಾಸ್ತರು ಹಿಂದಿನ ಸೀಟಿನಿಂದ ಇಳಿದರು. ಆಮೇಲೆ ಖಾಲಿ ಸೀಟಿನ ಬೆಲ್ಟುಗಳನ್ನು ಬಿಗಿಯಾಗಿ ಕಟ್ಟತೊಡಗಿದರು. ಸಡಿಲ ಬಿಟ್ಟರೆ ಅವು ಕೋಲಿಗೆ ಸಿಕ್ಕಿಕೊಳ್ಳುತ್ತವೆ. ಹುಡುಗಿ ಸಪೂರ. ಮುಂದಿನ ಸೀಟಿನಲ್ಲಿ ಇರಲೇಬೇಕಾದ ತೂಕಕ್ಕೆ ಕಡಿಮೆಯಾಗಿ, ಲೋಹದ ತೂಕ ತಂದು ಇಟ್ಟರು.

“ಅದೇನದು?” ಎಂದರು ಅಕ್ಕ. ಹೇಳಿದೆ. “ದಿನಾ ಬಡ್ಕೋತೀನಿ, ಇನ್ನೊಂದು ರೊಟ್ಟಿ ತಿನ್ನ ಅಂತ” ಎಂದು ಗೊಣಗಿದರು. ಮರುಗಳಿಗೆಯಲ್ಲೇ ಅವರಿಗೆ ಹೊಳೆಯಿತು. “ಮಾಸ್ತರು ಯಾಕ ಇಳದ್ರು?”

ಎದ್ದು ಸೀದಾ ಮಾಸ್ತರ ಬಳಿ ನಡೆದರು. ಅವರಿಗೆ ಬರುವ ಮರಾಠಿಯಲ್ಲಿ, ಒಪ್ಪಂದ ಹೀಗಿರಲಿಲ್ಲ ಎಂದರು. ಮಾಸ್ತರು ಸಿಟ್ಟಾಗಲಿಲ್ಲ. ಇಷ್ಟೇ ಹೇಳಿದರು: “ತಾಯೀ, ಕಳೆದ ಹತ್ತು ಹಾರಾಟಗಳಿಂದ ನಾನು ಕೋಲು ಮುಟ್ಟಿಲ್ಲ. ಸುಮ್ಮನೆ ಕೂತು ಬಂದಿದ್ದೇನೆ. ಇನ್ನೂ ಕೂತರೆ ಅದು ಅವಳ ಸಲುವಾಗಿ ಅಲ್ಲ, ನನ್ನ ಸಮಾಧಾನಕ್ಕೆ.” ಬೇಡವೆಂದರೆ ಇವತ್ತು ಬಿಡೋಣ, ಎಂದೂ ಸೇರಿಸಿದರು.

ಹುಡುಗಿ ಒಳಗಿಂದ ತಾಯಿಯನ್ನು ನೋಡುತ್ತಿದ್ದಳು. ಹಟವಿಲ್ಲ, ಅಳುವಿಲ್ಲ. ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಹತ್ತಿರ ಹೋಗಿ, “ಮೂಗು ಕೆಳಗ ಮಾಡೂದು ಮರೀಬ್ಯಾಡ” ಎಂದು ಹಿಂದೆ ಸರಿದರು. ಬೆಳಗಿನಿಂದ ನೆಲ ನೋಡುತ್ತಿದ್ದಾರೆ ಎಂದುಕೊಂಡಿದ್ದೆ, ಎಲ್ಲವನ್ನೂ ಕೇಳಿಸಿಕೊಂಡಿದ್ದರು!

ಹೊರಡುವ ಮುನ್ನ ಮಾಸ್ತರು ಹುಡುಗಿಗೆ ಒಂದು ಮಾತು ಹೇಳಿದರು. ನಾನಿಲ್ಲದ್ದರಿಂದ ಗ್ಲೈಡರ್ ಹಗುರ, ಬೇಗ ಏರುತ್ತದೆ, ಇಳಿಯಲು ತಡ ಮಾಡುತ್ತದೆ, ಗಾಬರಿಯಾಗಬೇಡ. ವಿಂಚಿನವರಿಗೂ ಸುದ್ದಿ ಹೋಯಿತು. ರೆಕ್ಕೆ ಮೇಲೆತ್ತಿದರು. ಹಗ್ಗ ಬಿಗಿಯಾಯಿತು. ಹೋಯಿತು.

ಓದುಗರೇ, ಆ ಐದಾರು ನಿಮಿಷ ಮೈದಾನದಲ್ಲಿ ಒಬ್ಬರೂ ಮಾತಾಡಲಿಲ್ಲ. ಹಗ್ಗ ಕಳಚಿತು. ಎಡಕ್ಕೊಂದು ತಿರುವು, ಮೈದಾನದ ಪಕ್ಕದಲ್ಲಿ ನೇರ ಹಾದಿ, ಮತ್ತೊಂದು ತಿರುವು. ಎಂಜಿನ್ ಇಲ್ಲವಲ್ಲ, ಇಳಿಯುವಾಗ ತಪ್ಪಾಯಿತೆಂದು ಮತ್ತೆ ಮೇಲೇರಿ ಇನ್ನೊಂದು ಸಲ ನೋಡುವ ಅವಕಾಶವಿಲ್ಲ. ರೆಕ್ಕೆಗಳ ಮೇಲೆ ಏರ್‌ಬ್ರೇಕಿನ ಪಟ್ಟಿಗಳು ಎದ್ದವು. ಮಾಸ್ತರ ಬಲಗೈ ಗಾಳಿಯಲ್ಲೇ ಕೋಲು ಹಿಡಿದಂತೆ ಸ್ವಲ್ಪ ಸ್ವಲ್ಪ ಆಡುತ್ತಿತ್ತು. ಗಾಲಿ ಹುಲ್ಲು ಮುಟ್ಟಿ ಒಮ್ಮೆ ಪುಟಿಯಿತು, ಓಡಿತು, ನಿಂತಿತು. ಒಂದು ರೆಕ್ಕೆ ಮೆಲ್ಲಗೆ ನೆಲಕ್ಕೆ ಒರಗಿತು.

“ಅಕ್ಕಾರ, ಇಳದ್ಲು ನೋಡ್ರಿ” ಎಂದೆ. “ನೋಡೇನಿ ತಮ್ಮಾ. ಪೂರಾ ನೋಡೇನಿ” ಎಂದರು.

ನನಗೆ ನನ್ನ ಮೊದಲ ನೇರ ಪ್ರಸಾರ ನೆನಪಾಯಿತು. ಹಿರಿಯ ಉದ್ಘೋಷಕಿ ತಿಂಗಳುಗಟ್ಟಲೆ ಪಕ್ಕದಲ್ಲಿ ಕೂತು ತಿದ್ದಿದವರು, ಒಂದು ಸಂಜೆ ಹೆಡ್‌ಫೋನ್ ತೆಗೆದು “ನಾನು ಚಹಾ ಕುಡಿದು ಬರ್ತೀನಿ” ಎಂದು ಎದ್ದುಹೋದರು. ಕೆಂಪು ದೀಪ ಹತ್ತಿತು. ಮೊದಲ ವಾಕ್ಯದಲ್ಲೇ ತೊದಲಿದೆ, ಎರಡನೆಯದರಲ್ಲಿ ಸುಧಾರಿಸಿಕೊಂಡೆ. ಅವರು ಚಹಾ ಕುಡಿಯಲು ಹೋಗಿರಲೇ ಇಲ್ಲ, ಗಾಜಿನಾಚೆ ಗೋಡೆಗೆ ಒರಗಿ ನಿಂತಿದ್ದರು ಎಂದು ಎಷ್ಟೋ ದಿನಗಳ ನಂತರ ತಿಳಿಯಿತು.

ಆ ಹುಡುಗಿ ಓದು ಮುಗಿಸಿ ಕೆಲಸಕ್ಕೆಂದು ಚೆನ್ನೈಗೆ ಹೊರಟಾಗ ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಅಕ್ಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ ಕೊಟ್ಟರು. ಜೋಡಿ ಯಾರಿದ್ದಾರೆ ಎಂದು ಕೇಳಲಿಲ್ಲ. ರೈಲು ಹೊರಟ ಮೇಲೆ ಮಾತ್ರ, ಅಂದು ಮಾಸ್ತರ ಕೈ ಆಡುತ್ತಿದ್ದ ಹಾಗೆಯೇ, ಅವರ ತುಟಿ ಏನನ್ನೋ ಹೇಳಿಕೊಳ್ಳುತ್ತಿತ್ತು.

ಊರು ಬಿಟ್ಟು ಬಂದ ನಮ್ಮೆಲ್ಲರ ಹಿಂದೆಯೂ ಹೀಗೆ ಒಂದು ದಿನ ಸೀಟು ಖಾಲಿ ಮಾಡಿದವರು ಇದ್ದಾರೆ. ಇಳಿದ ಮೇಲೂ ಅವರು ಮೈದಾನ ಬಿಟ್ಟು ಹೋಗುವುದಿಲ್ಲ. ಈ ಭಾನುವಾರ ಅವರಿಗೊಂದು ಫೋನ್ ಮಾಡಿ, ಸುಖವಾಗಿ ಇಳಿದಿದ್ದೇನೆ ಎಂದು ಹೇಳಿ.