ಯಾರ ಮಾತಿಗೆ ತಿದ್ದಬೇಕು?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಬರಹಗಾರನಿಗೆ ಇರಬೇಕಾದ ಅಭ್ಯಾಸಗಳ ಬಗ್ಗೆ ಮಾತಾಡಿ ಅಂತ ನಮ್ಮನ್ನು ಕರೆದಿದ್ದೀರಿ. ನಾವೇನೂ ದೊಡ್ಡ ಬರಹಗಾರರಲ್ಲ. ಬಿ.ಎ. ಮುಗಿಸಿ, ಒಂದಷ್ಟು ಪದ್ಯ ಬರೆದು, ಬರೆದುದಕ್ಕಿಂತ ಹೆಚ್ಚು ಹರಿದು ಹಾಕಿದವರು. ನಿಮ್ಮ ಹಾಗೇ ಹಾಸ್ಟೆಲಿನ ಮುದ್ದೆ ತಿಂದು, ಟ್ರಂಕನ್ನೇ ಮೇಜು ಮಾಡಿಕೊಂಡು ಓದಿದವರು. ಆದ್ದರಿಂದ ಉಪದೇಶ ಮಾಡುವುದಿಲ್ಲ. ನಾವು ಮಾಡಿದ ಎರಡು ತಪ್ಪುಗಳನ್ನು ಹೇಳ್ತೀವಿ. ಅವುಗಳಿಂದ ಏನು ಕಲಿತೆವು ಅನ್ನೋದನ್ನ ಹೇಳ್ತೀವಿ.

ಮೊದಲನೇ ತಪ್ಪು. ನಾವು ಮೊದಲು ಬರೆದ ಪದ್ಯ ಅವ್ವನ ಮೇಲೆ. ನಮ್ಮಲ್ಲಿ ಬಹಳ ಜನ ಮೊದಲು ಬರೆಯೋದು ಅವ್ವನ ಮೇಲೇ. ಆ ಪದ್ಯದಲ್ಲಿ ಕಣ್ಣೀರಿತ್ತು, ನೆತ್ತರಿತ್ತು, ಕೆಂಡ ಇತ್ತು, ಕೊನೇ ಸಾಲಿನಲ್ಲಿ ಕೆಂಪು ಸೂರ್ಯನೂ ಹುಟ್ಟಿದ್ದ. ಕಾಲೇಜಿನ ಕವಿಗೋಷ್ಠಿಯಲ್ಲಿ ಓದಿದೆವು. ಚಪ್ಪಾಳೆ ಬಿತ್ತು. ಒಬ್ಬರು ಮೇಷ್ಟ್ರು ಬಂದು ಬೆನ್ನು ತಟ್ಟಿದರು. ಅದೇ ಉಬ್ಬಿನಲ್ಲಿ ರಜಕ್ಕೆ ಊರಿಗೆ ಹೋಗಿ, ಜಗುಲಿ ಮೇಲೆ ಕೂತು ರಾಗಿ ಕೇರ್ತಿದ್ದ ಅವ್ವನಿಗೆ ಓದಿ ಹೇಳಿದೆವು. ಅವ್ವ ಮೊರ ಕೆಳಗಿಟ್ಟು ಪೂರ್ತಿ ಕೇಳಿದಳು. ಕೇಳಿ ಅಂದಳು:

"ಪಾಪ, ಯಾರ್ ಮಗ ಆ ಹೆಂಗಸು?"

ನೀನೇ ಕಣವ್ವ ಅಂದೆವು. ಅವ್ವನಿಗೆ ನಗು ಬಂತು.

"ನಾನ್ಯಾವಾಗ್ಲಾ ಹಂಗೆ ಅಳ್ತಾ ಕುಂತಿದ್ದೆ? ಅಳಕ್ಕೆ ಹೊತ್ತೆಲ್ಲಿತ್ತು? ಪಟೇಲ್ರ ಕಣದಲ್ಲಿ ಕೂಲಿ ರಾಗಿ ಅಳೆಯೋವಾಗ ಸೇರು ತುಂಬ್ಸದೆ ಸುರುದ್ರು ಅಂತ, ಮಡ್ಲಲ್ಲಿದ್ದ ರಾಗೀನೆಲ್ಲ ಅಲ್ಲೇ ಸುರ್ದು ಎದ್ದು ಬಂದೆ. ನನ್ ಹಿಂದೆ ಏಳು ಜನ ಹೆಂಗಸ್ರು ಎದ್ದು ಬಂದ್ರು. ಮೂರು ದಿನ ಯಾರೂ ಕಣಕ್ಕೆ ಹೋಗ್ನಿಲ್ಲ. ಅದ ಬರೀನಿಲ್ವಾ ನೀನು?"

ಬರೆದಿರಲಿಲ್ಲ. ಬರೆಯುವುದಿರಲಿ, ಅದು ನಮಗೆ ಗೊತ್ತೇ ಇರಲಿಲ್ಲ. ಇಪ್ಪತ್ತು ವರ್ಷ ಅದೇ ಮನೆಯಲ್ಲಿ ಉಂಡು ಮಲಗಿದ್ದೆವು, ಒಂದು ದಿನವೂ ಕೇಳಿರಲಿಲ್ಲ. ಹಾಗಾದರೆ ನಮ್ಮ ಪದ್ಯದಲ್ಲಿ ಅಳುತ್ತಿದ್ದ ಹೆಂಗಸು ಯಾರು? ಅವಳು ಪುಸ್ತಕಗಳಿಂದ ಬಂದವಳು. ನಮ್ಮ ಹಟ್ಟಿಯ ಕಡೆ ತಲೆಯನ್ನೂ ಹಾಕದವರು ದೂರ ನಿಂತು ಕನಿಕರದಿಂದ ಬರೆದ ಹೆಂಗಸು. ಅವಳನ್ನು ತಂದು ಅವ್ವ ಅಂತ ಹೆಸರಿಟ್ಟಿದ್ದೆವು. ಸಭೆಯಲ್ಲಿ ಕೂತವರಿಗೆ ಅವಳ ಗುರುತು ಮೊದಲೇ ಇತ್ತು, ಅದಕ್ಕೇ ಚಪ್ಪಾಳೆ ತಟ್ಟಿದರು. ಅವ್ವನಿಗೆ ಗುರುತು ಸಿಗಲಿಲ್ಲ.

ಅವತ್ತಿನಿಂದ ಮೂರು ಅಭ್ಯಾಸ ಮಾಡಿಕೊಂಡೆವು.

ಒಂದು, ಕೇಳೋದು, ಕೇಳಿದ್ದನ್ನು ಅವತ್ತೇ ಬರೆದಿಡೋದು. ಜೇಬಿನಲ್ಲಿ ಒಂದು ಸಣ್ಣ ನೋಟುಬುಕ್ಕು ಇರಲಿ. ಯಾವ ಕೆಲಸಕ್ಕೆ ಎಷ್ಟು ಕೂಲಿ, ಯಾವ ಅಳತೆಯಲ್ಲಿ, ಅಳೆದವನು ಯಾರು, ಬಾವಿಯಿಂದ ಎಷ್ಟು ದೂರ ನಿಲ್ಲಿಸಿದರು, ಅವತ್ತು ಯಾರು ಏನಂದರು, ಇದೆಲ್ಲ ಬರೀರಿ. ಚಪ್ಪಲಿ ಹೊಲಿಯುವ ತಾತ ಕೈಯಲ್ಲಿ ಹಿಡಿದ ಒಂದೊಂದು ಹತಾರಕ್ಕೂ ಒಂದೊಂದು ಹೆಸರಿದೆ. ತಾತ ಹೋದರೆ ಹೆಸರೂ ಹೋಗ್ತದೆ. ಪದ್ಯ ಆಮೇಲೆ ಆಗಲಿ.

ಎರಡು, ದಿನಾ ಕೂರೋದು. ಸ್ಫೂರ್ತಿ ಬರಲಿ ಅಂತ ಕಾಯುವುದು ಹೊಟ್ಟೆ ತುಂಬಿದವರ ಚಟ. ನಾಟಿಗೆ ಹೋಗುವ ನಮ್ಮವ್ವ ಇವತ್ತು ಮನಸ್ಸಿಲ್ಲ ಅಂತ ಯಾವತ್ತಾದರೂ ಉಳಿದುಕೊಂಡಳೇ? ತಮಟೆ ಬಡಿಯುವವನು ಕೂಡ ಮೊದಲು ಹುಲ್ಲು ಹಚ್ಚಿ ಚರ್ಮ ಕಾಯಿಸ್ತಾನೆ. ಕಾಯಿಸದೆ ಬಡಿದರೆ ದನಿ ಏಳುವುದಿಲ್ಲ. ದಿನಕ್ಕೆ ಒಂದು ಪುಟ, ಕೆಟ್ಟದಾದರೂ ಸರಿ. ಹಾಸ್ಟೆಲಿನಲ್ಲಿ ಜಾಗ ಇಲ್ಲ, ರೂಮಿಗೆ ಎಂಟು ಜನ, ಗಲಾಟೆ ಅಂತೀರಿ. ನಿಜ. ಆದರೆ ಬೆಳಿಗ್ಗೆ ಬಚ್ಚಲ ಮುಂದೆ ಸಾಲು ಹತ್ತುವ ಮುಂಚೆ ಒಂದು ಗಂಟೆ ನಿಶ್ಶಬ್ದ ಇರ್ತದೆ. ಸಿದ್ಧಲಿಂಗಯ್ಯನವರು ಹಾಸ್ಟೆಲಿನ ದಿನಗಳಲ್ಲಿ ಸ್ಮಶಾನದಲ್ಲಿ ಕೂತು ಓದುತ್ತಿದ್ದುದನ್ನು 'ಊರುಕೇರಿ'ಯಲ್ಲಿ ಹೇಳಿಕೊಂಡಿದ್ದಾರೆ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಾಗ ಎದ್ದ ಗಲಾಟೆಯಲ್ಲಿ ಏಟು ತಿಂದವರು ನಮ್ಮ ವಿದ್ಯಾರ್ಥಿಗಳು. ಅದಾದ ಎರಡು ವರ್ಷಕ್ಕೆ, 1975ರಲ್ಲಿ, 'ಹೊಲೆಮಾದಿಗರ ಹಾಡು' ಬಂತು. ಏಟಿಗೆ ಅದೂ ಒಂದು ಉತ್ತರ. ಅದನ್ನು ಬರೆದವರಿಗೂ ಬೇರೆ ರೂಮು, ಬೇರೆ ಮೇಜು ಯಾರೂ ಕೊಟ್ಟಿರಲಿಲ್ಲ.

ಮೂರು, ಅಚ್ಚಿಗೆ ಕೊಡುವ ಮುಂಚೆ ಯಾರ ಬಗ್ಗೆ ಬರೆದಿದ್ದೇವೋ ಅವರಿಗೆ ಓದಿ ಹೇಳೋದು. ಗಟ್ಟಿಯಾಗಿ ಓದಬೇಕು. ಅವರು ಆಕಳಿಸಿದ ಕಡೆ ಗೆರೆ ಎಳೀರಿ. "ಹಂಗಲ್ಲ ಕಣ್ಲಾ" ಅಂದ ಕಡೆ ಎರಡು ಗೆರೆ ಎಳೀರಿ. ಸ್ಟೆನ್ಸಿಲ್ ಹಾಳೆಯ ಕಾಲದಲ್ಲಿ ನಮ್ಮ ಹಿರಿಯರು ಕಾಸು ಕೂಡಿಸಿ ಪೇಪರು ತರ್ತಿದ್ದರು. ಸ್ಟೆನ್ಸಿಲ್ಲಿನಲ್ಲಿ ಒಂದು ಅಕ್ಷರ ತಪ್ಪಿದರೆ ದ್ರಾವಣ ಹಚ್ಚಿ, ಒಣಗುವ ತನಕ ಕಾಯಬೇಕಿತ್ತು. ಬೇಡದ ಮಾತು ಆ ಪುಟದೊಳಕ್ಕೆ ಸುಲಭವಾಗಿ ನುಗ್ಗುತ್ತಿರಲಿಲ್ಲ. ಈಗ ಮೊಬೈಲಿನಲ್ಲಿ ಬೆರಳಾಡಿಸಿದರೆ ಮಾತು ಪುಕ್ಕಟೆ ಬರ್ತದೆ. ಪುಕ್ಕಟೆ ಬಂದದ್ದನ್ನೂ ಕಾಸು ಕೊಟ್ಟು ತಂದಂತೆ ಲೆಕ್ಕ ಹಾಕಿ ಬಳಸಬೇಕು.

ಇನ್ನು ಎರಡನೇ ತಪ್ಪು. ಇದನ್ನು ಹೇಳಲು ನಾಚಿಕೆ ಆಗ್ತದೆ, ಆದರೂ ಹೇಳ್ತೀವಿ. ಒಂದು ಪತ್ರಿಕೆಗೆ ಕತೆ ಕಳಿಸಿದ್ದೆವು. ಕತೆ ಚೆನ್ನಾಗಿದೆ, ಆದರೆ ಜಾತಿಯ ಹೆಸರು ಬೇಡ, 'ಬಡವ' ಅಂತ ಹಾಕಿ, ಹಟ್ಟಿಯ ಮಾತು ಒರಟಾಯ್ತು, ಶುದ್ಧ ಮಾಡಿ ಅಂತ ಉತ್ತರ ಬಂತು. ನಮಗೆ ಹೆಸರು ಅಚ್ಚಾಗುವ ಆಸೆ. ಒಂದೇ ರಾತ್ರಿಯಲ್ಲಿ ಎಲ್ಲ ತಿದ್ದಿ ಕಳಿಸಿದೆವು. ಅಚ್ಚಾಯಿತು. ಹಟ್ಟಿಯ ಗೆಳೆಯ ಓದಿ ಕೇಳಿದ: "ಬಡವ ಅಂತ ಬರ್ದಿದ್ದೀಯಲ್ಲ, ಬಡವ ಆಗಿದ್ದಕ್ಕಾ ಅವನ್ನ ಹೋಟೆಲಿಂದ ಆಚೆ ಕುಂಡ್ರಿಸಿದ್ದು?" ನಾವು ತಲೆ ಎತ್ತಲಿಲ್ಲ. ಒಂದು ಪದ ಬದಲಾಯಿಸಿದ್ದಕ್ಕೆ ಅನ್ಯಾಯ ಮಾಡಿದವನೇ ಕತೆಯಿಂದ ಆಚೆ ಹೋಗಿಬಿಟ್ಟಿದ್ದ.

ಬಾಬಾಸಾಹೇಬರು ಏನು ಮಾಡಿದರು ನೋಡಿ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ಅವರನ್ನು ತಮ್ಮ 1936ರ ಸಮ್ಮೇಳನದ ಅಧ್ಯಕ್ಷತೆಗೆ ಕರೆದರು. ಭಾಷಣ ಮೊದಲೇ ನೋಡಿ ಹೆದರಿದರು. ಕೆಲವು ಭಾಗ ತೆಗೆಯಿರಿ ಅಂದರು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಎಂದು ಬಾಬಾಸಾಹೇಬರು ತಿಳಿಸಿದರು. ಸಭೆ ರದ್ದಾಯಿತು. ಅವರು ತಮ್ಮ ಕೈಯಿಂದಲೇ ಖರ್ಚು ಮಾಡಿ 1500 ಪ್ರತಿ ಅಚ್ಚು ಹಾಕಿಸಿದರು. ಎರಡೇ ತಿಂಗಳಲ್ಲಿ ಮುಗಿದುಹೋದವು. ಅದೇ 'ಜಾತಿ ವಿನಾಶ'. ಆಡದೇ ಉಳಿದ ಆ ಭಾಷಣವನ್ನು ನಾವು ಇವತ್ತಿಗೂ ಓದ್ತಾ ಇದ್ದೀವಿ. ಸಮ್ಮೇಳನದಲ್ಲಿ ಬೇರೆಯವರು ಏನು ಹೇಳಬೇಕೆಂದಿದ್ದರೋ ಅದು ಯಾರಿಗೂ ನೆನಪಿಲ್ಲ.

ನಮ್ಮಲ್ಲೇ ನೋಡಿ. ದೇವನೂರ ಮಹಾದೇವರ 'ಕುಸುಮಬಾಲೆ' 1984ರಲ್ಲಿ ಬಂತು. ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ಓದಲು ಕಷ್ಟ ಅಂದವರಿದ್ದರು. ಆ ಕಷ್ಟಕ್ಕೆ ಹೆದರಿ ಅವರು ಮಾತನ್ನು ಪಟ್ಟಣದ್ದು ಮಾಡಲಿಲ್ಲ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಆ ಪುಸ್ತಕವನ್ನೇ ಹುಡುಕಿಕೊಂಡು ಬಂತು. ಹೀಗೆ ಪ್ರಶಸ್ತಿ ಎಲ್ಲರಿಗೂ ಬರುವುದಿಲ್ಲ. ಬಾರದಿದ್ದರೂ ಮಾತು ನಮ್ಮದಾಗಿ ಉಳೀತದೆ.

ಈಗ ನೀವು ಕೇಳಬಹುದು. ಅವ್ವ ಅಂದಾಗ ತಿದ್ದಬೇಕು ಅಂತೀರಿ, ಬಾಬಾಸಾಹೇಬರು ತಿದ್ದಲಿಲ್ಲ ಅಂತೀರಿ, ಯಾವುದು ಸರಿ? ಎರಡೂ ಸರಿ. ಸುಳ್ಳಾಯಿತು ಅಂತ ಹೇಳಿದವರ ಮಾತಿಗೆ ತಿದ್ದಬೇಕು. ನಿಜವಾಯಿತು ಅಂತ ಹೆದರಿದವರ ಮಾತಿಗೆ ತಿದ್ದಬಾರದು. ನಾವು ಎರಡನ್ನೂ ತಿರುಗುಮುರುಗು ಮಾಡಿದ್ದೆವು. ಅವ್ವನನ್ನು ಕೇಳದೆ ಬರೆದೆವು, ಪತ್ರಿಕೆಯವರು ಹೇಳಿದ ತಕ್ಷಣ ತಿದ್ದಿದೆವು. ನೀವು ಹಾಗೆ ಮಾಡಬೇಡಿ. ಬರೆಯುವ ಕೈಗೆ ಅಕ್ಷರ ಕಲಿಸಿದ್ದು ಇಸ್ಕೂಲು ಇರಬಹುದು. ಆ ಕೈಯನ್ನು ಇಸ್ಕೂಲಿಗೆ ಕಳಿಸಲು ಕೂಲಿಗೆ ಹೋದವರು ಹಟ್ಟಿಯಲ್ಲಿದ್ದಾರೆ. ಲೆಕ್ಕ ಒಪ್ಪಿಸಬೇಕಾದ್ದು ಅವರಿಗೆ.

ಈ ರಜಕ್ಕೆ ಊರಿಗೆ ಹೋದಾಗ ಒಂದೇ ಒಂದು ಕೆಲಸ ಮಾಡಿ. ಅವ್ವನನ್ನೋ ಅಜ್ಜಿಯನ್ನೋ ಕೂರಿಸಿಕೊಂಡು, ನೀನು ಯಾವತ್ತು ಎದ್ದು ಬಂದೆ ಅಂತ ಕೇಳಿ. ಒಂದು ಪುಟ ಬರೆದು ತನ್ನಿ. ಮುಂದಿನ ಸಭೆಯಲ್ಲಿ ಭಾಷಣ ಬೇಡ, ಆ ಪುಟಗಳನ್ನೇ ಓದೋಣ.

ನಾವು ಆ ಪದ್ಯವನ್ನು ಮತ್ತೆ ಬರೆದೆವು. ಕೆಂಪು ಸೂರ್ಯನನ್ನು ತೆಗೆದು ಸೇರು, ಕಣ, ಮಡಿಲು ಹಾಕಿದೆವು. ಮೊನ್ನೆ ಅವ್ವನಿಗೆ ಓದಿದೆವು. ಈ ಸಲ ಯಾರ್ ಆ ಹೆಂಗಸು ಅಂತ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಏಳಲ್ಲ ಕಣ್ಲಾ, ಎಂಟು ಜನ. ಆವತ್ತು ಮರ್ತಿದ್ದೆ. ಕೊನೇಮನೆ ಮುದುಕೀನೂ ಕೋಲೂರ್ಕೊಂಡು ಎದ್ದು ಬಂದಿದ್ಲು. ಅವಳ್ನ ಬುಟ್ಬುಡಬೇಡ."

ಎಂಟು ಅಂತ ತಿದ್ದಿದೆವು.

ಜೈ ಭೀಮ್.